ಟಿಪ್ಪುವಿನ ಸೋದರಳಿಯ ಜಲಾಂತರ್ಗಾಮಿ ಏರಿದ ಕತೆ

ಕ್ಯಾಪ್ಟನ್ ನೀಮೊ ಗೊತ್ತಲ್ವಾ? ಜೂಲ್ಸ್ ವರ್ನ್ ಕಾದಂಬರಿಯಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ಹತ್ತಿ ಕಡಲಡಿ ಸುತ್ತುವ ಆಸಾಮಿ. ವರ್ನ್ ಮೊದಲು ಅವನನ್ನು ಪೋಲೆಂಡಿನವನನ್ನಾಗಿ ಮಾಡಲು ಹೊರಟಿದ್ದ. 1863ರ ದಂಗೆಯಲ್ಲಿ ರಷ್ಯನ್ನರು ಅವನ ಮನೆಯವರನ್ನು ಕೊಂದಿರುತ್ತಾರೆ, ಅದಕ್ಕೇ ಈ ಸೇಡು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲೂ ಪುಸ್ತಕ ಮಾರಬೇಕಿತ್ತು!

ಹೆಟ್ಜೆಲ್ ಸುಮ್ನೆ ಅಚ್ಚು ಹಾಕಿಸುವವನಲ್ಲ. 1864ರಲ್ಲಿ ಮಕ್ಕಳಿಗೂ ಮನೆಮಂದಿಗೂ ಅಂತ ಪತ್ರಿಕೆ ಶುರು ಮಾಡಿದ. ಸಾಹಸದ ಜೊತೆಗೇ ಭೂಗೋಳ, ಖಗೋಳ, ಭೌತಶಾಸ್ತ್ರವೂ ಮಕ್ಕಳ ತಲೆಗೆ ಇಳಿಯಬೇಕು ಅನ್ನುವುದು ಅವನ ಲೆಕ್ಕ. ನೀಮೊ ಕತೆ 1869-70ರಲ್ಲಿ ಅಲ್ಲೇ ಧಾರಾವಾಹಿಯಾಗಿ ಬಂತು. ಅವನು ಯಾವ ದೇಶದವನು ಅನ್ನುವುದನ್ನು ಮಾತ್ರ ಮುಚ್ಚಿಟ್ಟರು. ಗುಟ್ಟು ಬಯಲಾದದ್ದು 1874-75ರ 'ನಿಗೂಢ ದ್ವೀಪ'ದಲ್ಲಿ. ನೀಮೊ ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿಡಿದವನು. ಕತೆಯ ಲೆಕ್ಕದಲ್ಲಿ ಅವನು ಹುಟ್ಟಿದ್ದು 1819ರ ಸುಮಾರಿಗೆ. ಟಿಪ್ಪು 1799ರಲ್ಲೇ ಶ್ರೀರಂಗಪಟ್ಟಣದಲ್ಲಿ ಮಡಿದಿದ್ದ. ಮಾವನ ಮುಖ ಕಾಣದ ಅಳಿಯ, ಪಾಪ.

ಮಕ್ಕಳ ವೈಜ್ಞಾನಿಕ ಸಾಹಸ ಕಾದಂಬರಿಗಳ ಚರಿತ್ರೆ ಪೂರಾ ಹೀಗೇ ಇದೆ. ಓದುವವರು ಮಕ್ಕಳು, ಯಾವುದು ಓದಬೇಕು ಅಂತ ನಿರ್ಧರಿಸುವವರು ದೊಡ್ಡವರು.

ಅಮೆರಿಕದಲ್ಲಿ 1910ರಿಂದ ಹೊಸ ಹೊಸ ಯಂತ್ರ ಕಂಡುಹಿಡಿಯುವ ಹುಡುಗನೊಬ್ಬನ ಸಾಹಸಗಳ ಟಾಮ್ ಸ್ವಿಫ್ಟ್ ಸರಣಿ ಬಂತು. ಹುಡುಗರು ಮುಗಿಬಿದ್ದರು, ಗ್ರಂಥಪಾಲಕರು ಮೂಗು ಮುರಿದರು. ಆದರೂ ಪೊಲೀಸರ ಕೈಯ, ಶಾಕ್ ಹೊಡೆಸುವ 'ಟೇಸರ್' ಆಯುಧದ ಹೆಸರು ಹುಟ್ಟಿದ್ದು ಆ ಸರಣಿಯ ವಿದ್ಯುತ್ ಬಂದೂಕಿನಿಂದಲೇ.

1947ರಿಂದ ಅಮೆರಿಕದ ವೈಜ್ಞಾನಿಕ ಕತೆಗಾರ ರಾಬರ್ಟ್ ಹೈನ್‌ಲೈನ್ ಸ್ಕ್ರಿಬ್ನರ್ಸ್ ಪ್ರಕಾಶನ ಸಂಸ್ಥೆಗೆ ವರ್ಷಕ್ಕೊಂದರಂತೆ 12 ಕಾದಂಬರಿ ಬರೆದ. ಅವನ ಲೆಕ್ಕಾಚಾರಗಳು ಪಕ್ಕಾ, ಓದುವ ಹುಡುಗರನ್ನು ದಡ್ಡರೆಂದು ಎಣಿಸಲಿಲ್ಲ. ನನಗೆ ಆ ಕಾಲದ ಮಕ್ಕಳ ಪುಸ್ತಕಗಳಲ್ಲಿ ಇವೇ ಜಾಸ್ತಿ ಇಷ್ಟ. ಆದರೆ ಈ ಪುಸ್ತಕಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದದ್ದು ಗ್ರಂಥಾಲಯಗಳು. ಹಾಗಾಗಿ ಸಂಪಾದಕಿ ಆಲಿಸ್ ಡಾಲ್ಗ್ಲೀಶ್ ಸಾಲುಸಾಲಿಗೂ ಕೈ ಹಾಕುತ್ತಿದ್ದರು. 1949ರ ಮಂಗಳಗ್ರಹದ ಕತೆಯಲ್ಲಿ ಹುಡುಗರ ಕೈಲಿ ಬಂದೂಕು ಕಂಡು ಜಗಳವೇ ಆಯಿತು. ಹೈನ್‌ಲೈನ್ ಗೊಣಗುತ್ತಲೇ ತಿದ್ದಿಕೊಟ್ಟ. 1959ರಲ್ಲಿ ಸಂಸ್ಥೆ 13ನೆಯದನ್ನು ವಾಪಸ್ ಕಳಿಸಿದಾಗ ಬೇರೆ ಪ್ರಕಾಶಕರ ಬಳಿ ಹೋದ. ಆ 'ಸ್ಟಾರ್‌ಶಿಪ್ ಟ್ರೂಪರ್ಸ್' ಮರುವರ್ಷ ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಗೆದ್ದಿತು.

ಅಮೆರಿಕದ ಲೇಖಕಿ ಮ್ಯಾಡಲೀನ್ ಲೆಂಗ್ಲ್ ಅವರ ಕತೆ ಇನ್ನೂ ಕಷ್ಟದ್ದು. ಕಾಲ-ದೇಶವನ್ನೇ ಮಡಚಿ ಅಪ್ಪನನ್ನು ಹುಡುಕಿ ಹೊರಡುವ ಹುಡುಗಿ ಅವರ 'ಎ ರಿಂಕಲ್ ಇನ್ ಟೈಮ್' ಕಾದಂಬರಿಯ ನಾಯಕಿ. ಹುಡುಗರ ಸಾಮ್ರಾಜ್ಯದಲ್ಲಿ ಹುಡುಗಿ! ಮಕ್ಕಳಿಗೋ ದೊಡ್ಡವರಿಗೋ ಅಂತ ಪ್ರಕಾಶಕರಿಗೆ ಗೊಂದಲ ಬೇರೆ. 20ಕ್ಕೂ ಹೆಚ್ಚು ಕಡೆ ತಿರಸ್ಕಾರವಾದ ಮೇಲೆ 1962ರಲ್ಲಿ ಅಚ್ಚಾಯಿತು, 1963ರಲ್ಲಿ ಅಮೆರಿಕದ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಪದಕ ಬಂತು. 1990ರ ದಶಕದಲ್ಲೂ ಅದನ್ನು ಗ್ರಂಥಾಲಯಗಳಿಂದ ತೆಗೆಸಿ ಅಂತ ದೂರು ಕೊಡುವ ಪೋಷಕರಿದ್ದರು.