ಒಂಬತ್ತನೇ ಸಿಂಫನಿಗೆ ಎಷ್ಟು ಹರ್ಟ್ಜ್?

ಮೊನ್ನೆ ನೆಂಟರ ವಾಟ್ಸಾಪ್ ಗುಂಪಿಗೆ ಬೀಥೋವನ್‌ನ ಒಂಬತ್ತನೇ ಸಿಂಫನಿಯ ವಿಡಿಯೊ ಬಂತು. ಖುಷಿಯಾಯಿತು. ಕೆಳಗಿನ ಸಾಲು ಓದಿ ಖುಷಿ ಇಳಿಯಿತು. ‘432 ಹರ್ಟ್ಜ್‌ನಲ್ಲಿ ಕೇಳಿ, ಬಿಪಿ ಕಡಿಮೆಯಾಗುತ್ತದೆ. ಬೀಥೋವನ್ ಬರೆದದ್ದೂ ಇದೇ ಶ್ರುತಿಯಲ್ಲಿ. 440 ಅನ್ನೋದು ನಾಜಿಗಳ ಪಿತೂರಿ.’ 432 ಹರ್ಟ್ಜ್ ಅಂದರೆ ಸೆಕೆಂಡಿಗೆ 432 ಕಂಪನ. ವಾದ್ಯಗಳೆಲ್ಲ ಶ್ರುತಿ ಸೇರಿಸಿಕೊಳ್ಳುವ ‘ಏ’ ಎಂಬ ಸ್ವರಕ್ಕೆ ಇಡುವ ಅಳತೆ ಇದು. ಇಂದು ರೂಢಿಯಲ್ಲಿರುವುದು 440.

ಬೀಥೋವನ್ ತೀರಿಕೊಂಡದ್ದು 1827ರಲ್ಲಿ. ಹರ್ಟ್ಜ್ ಎಂಬ ಅಳತೆಗೆ ಯಾರ ಹೆಸರಿದೆಯೋ ಆ ಹೈನ್ರಿಕ್ ಹರ್ಟ್ಜ್ ಹುಟ್ಟಿದ್ದು 1857ರಲ್ಲಿ. ಹೋಗಲಿ, ಹೆಸರಿಲ್ಲದಿದ್ದರೂ ಕಂಪನ ಇತ್ತಲ್ಲ ಅನ್ನಬಹುದು. ಇತ್ತು. ಆದರೆ 432 ಬರುವುದು ಸೆಕೆಂಡಿನಿಂದ ಅಳೆದಾಗ. ಸೆಕೆಂಡು ಮನುಷ್ಯ ತನ್ನ ಅನುಕೂಲಕ್ಕೆ ಕತ್ತರಿಸಿಕೊಂಡ ತುಂಡು. ನಮ್ಮ ಹಿರಿಯರು ದಿನವನ್ನು 60 ಗಳಿಗೆ, ಗಳಿಗೆಯನ್ನು 60 ವಿಗಳಿಗೆ ಮಾಡಿದ್ದರು. ಒಂದು ವಿಗಳಿಗೆ ಅಂದರೆ 24 ಸೆಕೆಂಡು. ಅವರ ಲೆಕ್ಕದಲ್ಲಿ ಅದೇ ಸ್ವರ ವಿಗಳಿಗೆಗೆ 10,368 ಕಂಪನ. ಈ ಸಂಖ್ಯೆಗೆ ಯಾರೂ ಕೈ ಮುಗಿಯುವುದಿಲ್ಲ.

ಇನ್ನು ಬೀಥೋವನ್‌ನ ಶ್ರುತಿ. ಅವನು ಪಿಟೀಲುವಾದಕ ಜಾರ್ಜ್ ಬ್ರಿಜ್‌ಟವರ್‌ಗೆ ಕೊಟ್ಟದ್ದೆಂದು ಹೇಳುವ ಒಂದು ಶ್ರುತಿಕವೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಶಾಲೆಯಲ್ಲಿ ರಬ್ಬರಿಗೆ ಬಡಿದು ಕಿವಿಗಿಡುತ್ತಿದ್ದೆವಲ್ಲ, ಆ ಎರಡು ಕಡ್ಡಿಯ ಸಾಧನ. ಅದು ನುಡಿಯುವುದು ಸುಮಾರು 455ಕ್ಕೆ. 432 ಅಲ್ಲ, 440 ಕೂಡ ಅಲ್ಲ. ಆ ಕಾಲದಲ್ಲಿ ಊರಿಗೊಂದು ಶ್ರುತಿ. ಫ್ರಾನ್ಸ್ ಸರ್ಕಾರ 435 ಎಂದು ಕಾನೂನು ಮಾಡಿದ್ದೇ 1859ರಲ್ಲಿ.

440ರ ಕಥೆ ನಾಜಿಗಳಿಗಿಂತ ಎಷ್ಟೋ ಹಿಂದಿನದು. ಜರ್ಮನಿಯ ಕ್ರೆಫೆಲ್ಡ್‌ನಲ್ಲಿ ಯೋಹಾನ್ ಶೈಬ್ಲರ್ ಎಂಬ ರೇಷ್ಮೆ ವ್ಯಾಪಾರಿ ಇದ್ದ. ಅವನಿಗೆ ಶ್ರುತಿಯ ಹುಚ್ಚು. 1834ರಲ್ಲಿ ಸ್ಟುಟ್‌ಗಾರ್ಟ್‌ನ ವಿಜ್ಞಾನಿಗಳ ಸಭೆಯ ಮುಂದೆ 440 ಇರಲಿ ಅಂದವನು ಅವನೇ. ಎಲೆಕ್ಟ್ರಾನಿಕ್ ಸಾಧನ ಒಂದೂ ಇಲ್ಲದ ಕಾಲದಲ್ಲಿ ಅವನು ಅಳೆದದ್ದು ಹೇಗೆ? ಮಿಡಿತದಿಂದ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ತಾಳ್ಮೆ ಇರಲಿ.

ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಎರಡು ಆಟೋಗಳ ಇಂಡಿಕೇಟರ್ ನೋಡಿ. ಒಂದು ಚೂರು ಬೇಗ ಮಿಟುಕುತ್ತದೆ, ಇನ್ನೊಂದು ಚೂರು ನಿಧಾನ. ಒಮ್ಮೆ ಎರಡೂ ಒಟ್ಟಿಗೆ ಬೆಳಗುತ್ತವೆ, ಆಮೇಲೆ ಬೇರೆಯಾಗುತ್ತವೆ, ಮತ್ತೆ ಕೂಡುತ್ತವೆ. 440 ಮತ್ತು 442ರ ಎರಡು ಸ್ವರಗಳೂ ಹೀಗೇ. ಉಬ್ಬಿಗೆ ಉಬ್ಬು ಸೇರಿದಾಗ ದನಿ ಜೋರು, ಉಬ್ಬಿಗೆ ತಗ್ಗು ಸೇರಿದಾಗ ಮೆಲು. ಸೆಕೆಂಡಿಗೆ ಎರಡು ಸಲ ‘ವೊಂಯ್ ವೊಂಯ್’. ಇದೇ ಮಿಡಿತ. ತಂಬೂರಿಯ ನಡುವಿನ ಎರಡು ತಂತಿ ಕೂಡಿಸುವವರಿಗೆ ಈ ಅಲೆದಾಟ ಗೊತ್ತು. ಅದು ನಿಂತರೆ ಶ್ರುತಿ ಸೇರಿತು ಅಂತ ಅರ್ಥ. ಶೈಬ್ಲರ್ ಐವತ್ತಕ್ಕೂ ಹೆಚ್ಚು ಕವೆಗಳನ್ನು ಒಂದು ಸ್ವರದಿಂದ ಅದರ ಮೇಲಿನ ಸ್ಥಾಯಿಯವರೆಗೆ ಮೆಟ್ಟಿಲಿನಂತೆ ಜೋಡಿಸಿದ. ಅಕ್ಕಪಕ್ಕದ ಕವೆಗಳ ಮಿಡಿತ ಎಣಿಸಿ ಎಲ್ಲ ಕೂಡಿದ. ಮೇಲಿನ ಸ್ವರ ಕೆಳಗಿನದರ ಎರಡರಷ್ಟು. ಹಾಗಾಗಿ ನಡುವಿನ ಅಂತರವೇ ಕೆಳಗಿನ ಸ್ವರದ ಕಂಪನ! ಸುಮ್ನೆ ಎಣಿಸಿ ಕೂಡಿಸಿದ್ದಷ್ಟೇ.

ಈಗ ಈ ಮಿಡಿತವನ್ನು ವೇದಿಕೆಗೆ ತನ್ನಿ. ನೂರು ಜನರ ಗಾಯಕವೃಂದ. ಎಲ್ಲರೂ ಒಂದೇ ಸ್ವರ ಹಿಡಿದರೂ ಯಾರದ್ದೂ ಕರಾರುವಾಕ್ಕಾಗಿ ಒಂದೇ ಅಲ್ಲ. ನೂರು ಗಂಟಲಿಗೆ 4,950 ಜೋಡಿ. ಪ್ರತಿ ಜೋಡಿಗೂ ಅದರದೇ ಮಿಡಿತ. ಹಂಚಿನ ಮೇಲೆ ಒಂದೊಂದೇ ಹನಿ ಬಿದ್ದರೆ ಟಪ್ ಟಪ್, ಮಳೆ ಹಿಡಿದರೆ ಒಂದೇ ಮೊರೆತ. ಇಲ್ಲೂ ಅಷ್ಟೇ. ಮಿಡಿತಗಳೆಲ್ಲ ಒಂದರೊಳಗೊಂದು ಕರಗಿ ದನಿಗೆ ಹೊಳಪು ಬರುತ್ತದೆ. ಒಬ್ಬಳದೇ ದನಿಯನ್ನು ನೂರು ಪ್ರತಿ ಮಾಡಿ ಒಟ್ಟಿಗೆ ನುಡಿಸಿ ನೋಡಿ, ಈ ಹೊಳಪು ಬರುವುದಿಲ್ಲ. ಅದೇ ಒಬ್ಬಳು ಜೋರಾಗಿ ಹಾಡಿದಂತೆ ಕೇಳುತ್ತದೆ. ಅಂದ ಹಾಗೆ, ನೂರು ಜನ ಹಾಡಿದರೆ ಸದ್ದು ನೂರು ಪಟ್ಟು ಜೋರಾಗಿ ಕೇಳುವುದಿಲ್ಲ. ಸದ್ದಿನ ಅಳತೆಯಾದ ಡೆಸಿಬೆಲ್‌ನಲ್ಲಿ ಒಬ್ಬರದಕ್ಕಿಂತ 20 ಜಾಸ್ತಿ ಆಗುತ್ತದೆ. ಕಿವಿಗೆ ಅದು ಸುಮಾರು ನಾಲ್ಕು ಪಟ್ಟು, ಅಷ್ಟೇ.

ವಾದ್ಯಗಳೂ ಒಂದು ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ಗಾಳಿ ಬಿಸಿಯಾದರೆ ಶಬ್ದದ ವೇಗ ಏರುತ್ತದೆ, ಕೊಳಲು, ಓಬೋದಂಥ ಊದುವ ವಾದ್ಯಗಳ ಶ್ರುತಿಯೂ ಏರುತ್ತದೆ. ಒಂಬತ್ತನೇ ಸಿಂಫನಿಯಲ್ಲಿ ಮೊದಲ ಮೂರು ಭಾಗಕ್ಕೆ ಗಾಯಕರ ಕೆಲಸವೇ ಇಲ್ಲ. ಮುಕ್ಕಾಲು ಗಂಟೆಯಷ್ಟು ಹೊತ್ತು ಬಾಯಿ ಮುಚ್ಚಿ ಕೂತಿರುತ್ತಾರೆ. ಅಷ್ಟರಲ್ಲಿ ವಾದ್ಯಗಳು ಬಿಸಿಯಾಗಿ ಶ್ರುತಿ ಚೂರು ಏರಿರಬಹುದು. ಆಮೇಲೆ ಒಬ್ಬ ಗಾಯಕ ಎದ್ದು, ‘ಗೆಳೆಯರೇ, ಈ ಸ್ವರಗಳು ಬೇಡ’ ಎಂದು ಶುರುಮಾಡುತ್ತಾನೆ. ಕೊನೆಯ ಭಾಗದಲ್ಲಿ ಹಾಡುವ ಜರ್ಮನ್ ಕವಿ ಶಿಲ್ಲರ್‌ನ ಕವಿತೆಗೆ ಪೀಠಿಕೆಯಾಗಿ ಬೀಥೋವನ್ ತಾನೇ ಬರೆದು ಸೇರಿಸಿದ ಮಾತು ಅದು.

1824ರ ಮೇ 7ರಂದು ವಿಯೆನ್ನಾದಲ್ಲಿ ಇದು ಮೊದಲು ನಡೆದಾಗ ಬೀಥೋವನ್ ವೇದಿಕೆಯ ಮೇಲೇ ಇದ್ದ. ಕಿವಿ ಕೇಳುತ್ತಿರಲಿಲ್ಲ. ನಿಜವಾಗಿ ವೃಂದವನ್ನು ನಡೆಸಿದ್ದು ಮಿಖಾಯೆಲ್ ಉಮ್ಲಾಫ್. ಚಪ್ಪಾಳೆ ಕಾಣಲೆಂದು ಗಾಯಕಿ ಕ್ಯಾರೋಲಿನ್ ಉಂಗರ್ ಬೀಥೋವನ್‌ನನ್ನು ಜನರ ಕಡೆ ತಿರುಗಿಸಬೇಕಾಯಿತು. ಅವನು ಬರೆದದ್ದೆಲ್ಲ ತಲೆಯೊಳಗಿನ ಸ್ವರಗಳ ನಂಟಿನಿಂದ. ಅಲ್ಲಿ ಹರ್ಟ್ಜ್ ಮೀಟರ್ ಇರಲಿಲ್ಲ ಅಲ್ವಾ?

ಕೊನೆಯ ಭಾಗದಲ್ಲಿ ಸೊಪ್ರಾನೊಗಳು, ಅಂದರೆ ಎತ್ತರದ ದನಿಯ ಗಾಯಕಿಯರು, ಮೇಲಿನ ಸ್ಥಾಯಿಯ ‘ಏ’ ಸ್ವರವನ್ನು ಬಹಳ ಹೊತ್ತು ಹಿಡಿಯಬೇಕು. ಇಂದಿನ ಲೆಕ್ಕದಲ್ಲಿ 880. ಪಳಗಿದ ಗಾಯಕಿಯ ದನಿ ಸೆಕೆಂಡಿಗೆ ಐದಾರು ಸಲ ಅರ್ಧ ಸೆಮಿಟೋನ್‌ನಷ್ಟು (ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ಅಂತರದ ಅರ್ಧದಷ್ಟು) ಅತ್ತಿತ್ತ ತೂಗುತ್ತದೆ. ಅಂದರೆ ಸುಮಾರು 855ರಿಂದ 905ರವರೆಗೆ. 432ರ ಎರಡರಷ್ಟು 864. ಅದು ಈ ತೂಗಾಟದ ದಾರಿಯಲ್ಲೇ ಇದೆ. ಹಾಗಾದರೆ 440ಕ್ಕೆ ಶ್ರುತಿ ಮಾಡಿದ ಕಛೇರಿಯಲ್ಲೂ ಪ್ರತಿ ಗಂಟಲು ಆ ಪವಿತ್ರ ಸಂಖ್ಯೆಯನ್ನು ಸೆಕೆಂಡಿಗೆ ಹತ್ತು ಸಲ ಮುಟ್ಟಿ ಬರುತ್ತದೆ. ಇದನ್ನೇ ಗುಂಪಿನಲ್ಲಿ ಬರೆದೆ. ‘ನೋಡಿದ್ರಾ, 432 ಎಲ್ಲ ಕಡೆ ಇದೆ’ ಎಂದು ಉತ್ತರ ಬಂತು.