ನಾಲ್ಕು ಕೆಂಪು ಹಣ್ಣು, ಆರು ಹಸಿರು ಕಾಯಿ: ಸೋಲುತ್ತಿರುವ ತಂಡ ಕೋಚ್ ಬದಲಿಸಬೇಕಾ?

2022ರ ಡಿಸೆಂಬರ್ 30ರ ರಾತ್ರಿ ಕೊಡಗಿನ ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಊಟಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಎದುರು ನಮ್ಮ ಫುಟ್ಬಾಲ್ ತಂಡ ಬೆಂಗಳೂರು ಎಫ್‌ಸಿ 2-1ರಿಂದ ಸೋತಿತ್ತು. ಅದೂ ಕೊನೇ ಗಳಿಗೆಯಲ್ಲಿ ಬಿದ್ದ ಫ್ರೀ ಕಿಕ್ ಗೋಲಿನಿಂದ. ಅಲ್ಲಿಗೆ ಐಎಸ್‌ಎಲ್‌ನಲ್ಲಿ, ಅಂದ್ರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, 12 ಪಂದ್ಯ ಮುಗಿದಿದ್ದವು. ಗೆದ್ದಿದ್ದು ಮೂರು, ಡ್ರಾ ಒಂದು, ಸೋತಿದ್ದು ಎಂಟು. ಕಣದಲ್ಲಿ ಹರಡಿದ್ದ ಅರೇಬಿಕಾ ಕಾಫಿಗೆ ಇಬ್ಬನಿ ಬೀಳದ ಹಾಗೆ ಟಾರ್ಪಾಲ್ ಹೊದಿಸಿ ಒಳಗೆ ಬಂದ ನನ್ನ ಅಕ್ಕನ ಮಗ ಸ್ಕೋರ್ ನೋಡಿದವನೇ ಕೇಳಿದ: "ಮಾವ, ಈ ಕೋಚ್‌ನ ಇನ್ನೂ ಯಾಕೆ ಇಟ್ಕೊಂಡಿದ್ದಾರೆ?"

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಕೋಚ್ ಸೈಮನ್ ಗ್ರೇಸನ್ ಹೋಗಲೇಬೇಕು ಅಂತ ನಾನು ವಾರದಿಂದ ಕಂಡಕಂಡವರ ಹತ್ತಿರ ವಾದ ಮಾಡುತ್ತಿದ್ದೆ.

ಕೊಡಗು ಅಂದ್ರೆ ಹಾಕಿ, ನಿಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಹೆಸರು ಎಲ್ಲಿಗೂ ತಲುಪಿದೆ. ಆದರೆ ಸುಂಟಿಕೊಪ್ಪ, ಸಿದ್ದಾಪುರದ ಕಡೆ ಬನ್ನಿ, ಫುಟ್ಬಾಲ್ ಹುಚ್ಚು ಕಾಣುತ್ತೆ. ನನ್ನ ಮಲಯಾಳಿ ಗೆಳೆಯರು ಕೇರಳ ಬ್ಲಾಸ್ಟರ್ಸ್ ಕಡೆ, ನಾನು ಬೆಂಗಳೂರು ಕಡೆ. ಹಾಗಾಗಿ ನಮ್ಮ ತಂಡ ಸೋತರೆ ಮಾರನೇ ಬೆಳಿಗ್ಗೆ ಚಹಾ ಅಂಗಡಿಗೆ ಹೋಗೋದೇ ಕಷ್ಟ.

ಮುಂದೆ ಆಗಿದ್ದನ್ನು ಬೆಂಗಳೂರು ಅಭಿಮಾನಿಗಳು ಮರೆಯುವುದಿಲ್ಲ. ಜನವರಿಯಿಂದ ತಂಡ ಲೀಗ್‌ನಲ್ಲಿ ಉಳಿದಿದ್ದ ಎಂಟಕ್ಕೆ ಎಂಟೂ ಪಂದ್ಯ ಗೆದ್ದಿತು. ಹುಡುಗ ಶಿವಶಕ್ತಿ ನಾರಾಯಣನ್ ಗೋಲಿನ ಮೇಲೆ ಗೋಲು ಹೊಡೆದ. ತಂಡ ನಾಲ್ಕನೇ ಸ್ಥಾನಕ್ಕೆ ಏರಿ, ಫೈನಲ್ ತಲುಪಿ, 2023ರ ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಕೋಚ್ ಅದೇ ಗ್ರೇಸನ್.

ಈಗ ಒಂದು ಕ್ಷಣ ಯೋಚನೆ ಮಾಡಿ. ಡಿಸೆಂಬರ್ 31ಕ್ಕೆ ಕ್ಲಬ್‌ನವರು ನನ್ನ ಮಾತು ಕೇಳಿ ಗ್ರೇಸನ್‌ರನ್ನು ತೆಗೆದಿದ್ದರೆ? ಹೊಸಬರು ಬಂದು, ಅದೇ ಎಂಟು ಪಂದ್ಯ ಗೆದ್ದಿದ್ದರೆ? ಆ ಹೊಸ ಕೋಚ್‌ನ ನಾವು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದೆವು. "ನೋಡಿದ್ರಾ, ಬದಲಿಸಿದ ಕೂಡಲೇ ಹೇಗೆ ಗೆದ್ವಿ" ಅಂತ ನಾನೇ ಮೊದಲು ಹೇಳುತ್ತಿದ್ದೆ. ಆ ಮಾತು ತಪ್ಪು ಅಂತ ತೋರಿಸೋಕೆ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಅಂದಿನಿಂದ ಈ ವಿಚಾರ ನನ್ನ ತಲೆ ಬಿಟ್ಟು ಹೋಗಿಲ್ಲ.

ತೋಟ ಇರುವವರಿಗೆ ಇದು ಹೊಸ ಕಥೆಯಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ವರ್ಷ ನಮ್ಮ ತೋಟದಲ್ಲಿ ಕಾಫಿ ಫಸಲು ತೀರಾ ನೆಲ ಕಚ್ಚಿತು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುತ್ತಿದ್ದ ರೈಟರ್‌ನ ಅಪ್ಪ ಕೆಲಸದಿಂದ ಬಿಡಿಸಿದರು. ಮುಂದಿನ ವರ್ಷ ಗಿಡ ತುಂಬ ಹಣ್ಣು. ಹೊಸ ರೈಟರ್ ಕೈಗುಣ ಚೆನ್ನಾಗಿದೆ ಅಂತ ಮನೆಯಲ್ಲೆಲ್ಲ ಮಾತಾಯಿತು. ಆದರೆ ಆ ಎರಡು ವರ್ಷಗಳ ನಡುವೆ ಬೇರೆ ಏನೇನು ಬದಲಾಗಿತ್ತು ಅಂತ ಯಾರೂ ಕೇಳಲಿಲ್ಲ. ಮಾರ್ಚ್-ಏಪ್ರಿಲ್‌ನ ಹೂಮಳೆ ಸರಿಯಾದ ಹೊತ್ತಿಗೆ ಬಿತ್ತಾ? ಅದಾದ ಎರಡು ಮೂರು ವಾರಕ್ಕೆ ಬೇಕಾದ ಇನ್ನೊಂದು ಮಳೆ ಬಂತಾ? ಇದರ ಜೊತೆಗೆ ಅರೇಬಿಕಾ ಗಿಡಕ್ಕೆ ಅದರದ್ದೇ ಒಂದು ಸ್ವಭಾವ ಇದೆ. ಒಂದು ವರ್ಷ ಜಾಸ್ತಿ ಕಾಯಿ ಹಿಡಿದರೆ ಮರುವರ್ಷ ಸುಸ್ತಾಗುತ್ತೆ, ಕಡಿಮೆ ಹಿಡಿದರೆ ಮರುವರ್ಷ ಚಿಗುರಿ ನಿಲ್ಲುತ್ತೆ. ತೀರಾ ಕೆಟ್ಟ ವರ್ಷದ ನಂತರ ಸ್ವಲ್ಪ ಒಳ್ಳೆ ವರ್ಷ ಬರೋದು ಸಹಜವೇ ಆಗಿತ್ತು. ಹಳೇ ರೈಟರ್ ಇದ್ದಿದ್ದರೂ ಬರುತ್ತಿತ್ತೇನೋ. ಆ ಮನುಷ್ಯನಿಗೆ ಅನ್ಯಾಯ ಆಯಿತು ಅಂತ ಈಗ ನನಗೆ ಅನಿಸುತ್ತೆ.

ಫುಟ್ಬಾಲ್‌ನಲ್ಲಿ ಗಿಡದ ಸುಸ್ತು ಇಲ್ಲ. ಆದರೆ ಮಳೆಯಂಥ ಅದೃಷ್ಟ ಧಾರಾಳವಾಗಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಹತ್ತಾರು ಬುಟ್ಟಿ ಬೀಳುತ್ತವೆ. ಒಂದೆರಡು ತಪ್ಪಿದರೂ ಚೆನ್ನಾಗಿ ಆಡಿದವರೇ ಸಾಮಾನ್ಯವಾಗಿ ಗೆಲ್ಲುತ್ತಾರೆ. ಫುಟ್ಬಾಲ್‌ನ ದೊಡ್ಡ ಲೀಗ್‌ಗಳಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಎರಡೂವರೆ, ಮೂರು ಗೋಲು ಅಷ್ಟೇ. ಒಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು, ಇನ್ನೊಂದು ಡಿಫೆಂಡರ್ ಕಾಲಿಗೆ ತಾಗಿ ಒಳಗೆ ಹೋಯಿತು ಅಂದ್ರೆ ಇಡೀ ಪಂದ್ಯದ ಫಲಿತಾಂಶವೇ ತಿರುಗಿ ಬೀಳುತ್ತೆ.

ಇದನ್ನು ಹುಡುಗನಿಗೆ ಬಾಯಲ್ಲಿ ಹೇಳಿದರೆ ಅರ್ಥ ಆಗಲಿಲ್ಲ. ಹಾಗಾಗಿ ಒಂದು ಭಾನುವಾರ ಕುಯ್ಲು ಇಲ್ಲದಾಗ ಕಣದಲ್ಲೇ ಕೂತು ಮಾಡಿ ನೋಡಿದೆವು. ಒಂದು ಬಟ್ಟೆ ಚೀಲಕ್ಕೆ ನಾಲ್ಕು ಕೆಂಪು ಹಣ್ಣು, ಆರು ಹಸಿರು ಕಾಯಿ ಹಾಕಿದೆವು. ಗಾತ್ರ ಸುಮಾರು ಒಂದೇ ಇರುವಂಥವು, ಇಲ್ಲದಿದ್ದರೆ ಬೆರಳಿಗೆ ಗೊತ್ತಾಗಿಬಿಡುತ್ತೆ. ಕಣ್ಣು ಮುಚ್ಚಿ ಒಂದನ್ನು ತೆಗೆಯೋದು. ಕೆಂಪು ಬಂದರೆ ಗೆಲುವು. ಹಸಿರು ಬಂದರೆ ಡ್ರಾ ಇಲ್ಲವೇ ಸೋಲು. ಬರೆದುಕೊಂಡು ವಾಪಸ್ ಹಾಕಿ, ಕಲಕಿ, ಮತ್ತೆ ತೆಗೆಯೋದು. ಹೀಗೆ 24 ಸಲ, ಅಂದ್ರೆ 24 ಪಂದ್ಯಗಳ ಒಂದು ಸೀಸನ್. ನೂರಕ್ಕೆ 40 ಪಂದ್ಯ ಗೆಲ್ಲುವ ತಂಡ ಕೆಟ್ಟ ತಂಡವೇನಲ್ಲ, ನೆನಪಿರಲಿ.

ಮೊದಲ ಸೀಸನ್‌ನಲ್ಲೇ ಏಳನೇ ಪಂದ್ಯದಿಂದ ಹಸಿರು, ಹಸಿರು, ಹಸಿರು, ಹಸಿರು, ಹಸಿರು. ಹುಡುಗ ಚೀಲ ಕೆಳಗಿಟ್ಟು ಒಳಗೆ ಇಣುಕಿದ. ಕೆಂಪು ಯಾವುದಾದರೂ ಬಿದ್ದು ಹೋಯಿತಾ ಅಂತ ಅವನ ಅನುಮಾನ. ಎಣಿಸಿದರೆ ನಾಲ್ಕೂ ಅಲ್ಲೇ ಇದ್ದವು.

ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ. ಇಂಥ ಚೀಲದಲ್ಲಿ ಸತತ ಐದು ಸಲ ಹಸಿರು ಬರುವ ಸಾಧ್ಯತೆ ನೂರಕ್ಕೆ ಸುಮಾರು 8. ಕಡಿಮೆ ಅನಿಸುತ್ತೆ, ಅಲ್ವಾ? ಆದರೆ 24 ಪಂದ್ಯಗಳ ಸೀಸನ್‌ನಲ್ಲಿ ಎಲ್ಲಾದರೂ ಒಂದು ಕಡೆ ಅಂಥ ಐದರ ಸಾಲು ಬರುವ ಸಾಧ್ಯತೆ ನೂರಕ್ಕೆ ಸುಮಾರು 55. ಇಂಗ್ಲೆಂಡಿನ ಹಾಗೆ 38 ಪಂದ್ಯ ಆಡಿದರೆ ಅದು 74ರ ಹತ್ತಿರ ಹೋಗುತ್ತೆ. ಅಂದ್ರೆ ಆಟಗಾರರು, ಕೋಚ್, ಆಟ ಯಾವುದೂ ಕೆಡದೆ, ಬರೀ ಅದೃಷ್ಟದ ಏರಿಳಿತದಿಂದಲೇ, ಚೆನ್ನಾಗಿರುವ ತಂಡಕ್ಕೂ ಗೆಲುವಿಲ್ಲದ ಐದು ಪಂದ್ಯ ಬರೋದು ತೀರಾ ಸಾಮಾನ್ಯ.

ಕೋಚ್‌ನ ಕೆಲಸದಿಂದ ತೆಗೆಯೋದು ಯಾವಾಗ? ಸುಮ್ನೆ ಯಾವುದೋ ಒಂದು ದಿನ ಅಲ್ಲ. ಸರಿಯಾಗಿ ಇಂಥ ಸಾಲಿನ ತಳದಲ್ಲಿ ನಿಂತಿರುವಾಗ. ತಳದಿಂದ ನೋಡಿದರೆ ಮುಂದಿನ ದಾರಿ ಬಹುತೇಕ ಏರುಮುಖವೇ. ಚೀಲದಲ್ಲಿ ನಾಲ್ಕು ಕೆಂಪು ಇದ್ದೇ ಇವೆ. ಯಾರು ಕೈ ಹಾಕಿದರೂ ಮುಂದಿನ ಹತ್ತರಲ್ಲಿ ಸುಮಾರು ನಾಲ್ಕು ಕೆಂಪು ಬರುತ್ತವೆ. ಬಂದಾಗ ಅವತ್ತು ಕೈ ಹಾಕಿದವರಿಗೆ ಹೆಸರು.

ಇದಕ್ಕೆ ವಿಜ್ಞಾನಿಗಳು ಸರಾಸರಿಯ ಕಡೆಗೆ ಮರಳುವುದು ಅನ್ನುತ್ತಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 928 ಮಂದಿ ಬೆಳೆದ ಮಕ್ಕಳ ಎತ್ತರವನ್ನು ಅವರ ತಂದೆ-ತಾಯಿಯ ಎತ್ತರದ ಜೊತೆ ಇಟ್ಟು ನೋಡಿದರು. ತುಂಬ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಪ್ಪ-ಅಮ್ಮನಷ್ಟಲ್ಲ. ತುಂಬ ಕುಳ್ಳಗಿರುವವರ ಮಕ್ಕಳು ಸ್ವಲ್ಪ ಎತ್ತರಕ್ಕೆ ಸರಿಯುತ್ತಾರೆ. ಯಾವುದೇ ಅಳತೆಯಲ್ಲಿ ಅದೃಷ್ಟದ ಪಾಲು ಇದ್ದರೆ, ಅತಿ ಅನ್ನುವ ಫಲಿತಾಂಶದ ನಂತರ ಅಷ್ಟು ಅತಿ ಅಲ್ಲದ್ದು ಬರುತ್ತೆ.

ಹಾಗಾದರೆ ಕೋಚ್ ಬದಲಿಸಿದ್ದರಿಂದ ಉಪಯೋಗ ಆಯಿತಾ ಇಲ್ವಾ ಅಂತ ತಿಳಿಯೋದು ಹೇಗೆ? ಬದಲಿಸುವ ಮೊದಲು, ಬದಲಿಸಿದ ಮೇಲೆ ಅಂತ ನೋಡಿದರೆ ಸಾಲದು. ಅಷ್ಟೇ ಕೆಟ್ಟದಾಗಿ ಸೋತೂ ಕೋಚ್‌ನ ಉಳಿಸಿಕೊಂಡ ತಂಡಗಳನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಇದನ್ನೇ ಮಾಡಿದರು. 1986ರಿಂದ 2004ರವರೆಗೆ ಡಚ್ ಲೀಗ್‌ನಲ್ಲಿ ಆದ ಕೋಚ್ ಬದಲಾವಣೆಗಳನ್ನು ತೆಗೆದುಕೊಂಡರು. ಕೋಚ್‌ನ ತೆಗೆದ ತಂಡಗಳು ಚೇತರಿಸಿಕೊಂಡವು. ಅದೇ ಥರದ ಕುಸಿತ ಕಂಡರೂ ಕೋಚ್‌ನ ಉಳಿಸಿಕೊಂಡ ತಂಡಗಳೂ ಚೇತರಿಸಿಕೊಂಡವು. ಬದಲಾವಣೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಜರ್ಮನಿಯಲ್ಲಿ ಆಂಡ್ರಿಯಾಸ್ ಹೋಯರ್ ಮತ್ತು ಸಂಗಡಿಗರು ಅಲ್ಲಿನ ದೊಡ್ಡ ಲೀಗ್ ಬುಂಡೆಸ್‌ಲಿಗಾದ ದಶಕಗಳ ದಾಖಲೆ ಹಿಡಿದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸೀಸನ್ ನಡುವೆ ಕೋಚ್ ಬದಲಿಸಿದ್ದರ ಪರಿಣಾಮ ಹೆಚ್ಚುಕಡಿಮೆ ಏನೂ ಕಾಣಲಿಲ್ಲ.

ಚಹಾ ಅಂಗಡಿಯಲ್ಲಿ ಇದನ್ನು ಹೇಳಿದಾಗ ಬ್ಲಾಸ್ಟರ್ಸ್ ಅಭಿಮಾನಿಯೊಬ್ಬ ತಕ್ಷಣ ಇಂಗ್ಲೆಂಡಿನ ಲೆಸ್ಟರ್ ತಂಡದ ಕಥೆ ತೆಗೆದ. ನ್ಯಾಯವಾದ ಪ್ರಶ್ನೆ. ಯಾರೂ ನಂಬದಿದ್ದ 2016ರ ಪ್ರೀಮಿಯರ್ ಲೀಗ್ ಕಪ್ ಗೆಲ್ಲಿಸಿಕೊಟ್ಟ ಕ್ಲಾಡಿಯೋ ರಾನಿಯೇರಿಯವರನ್ನು ಲೆಸ್ಟರ್ 2017ರ ಫೆಬ್ರವರಿಯಲ್ಲಿ ತೆಗೆಯಿತು. ಆಗ ತಂಡ ಲೀಗ್‌ನಲ್ಲಿ ಸತತ ಐದು ಪಂದ್ಯ ಸೋತಿತ್ತು. ಜಾಗಕ್ಕೆ ಬಂದ ಕ್ರೇಗ್ ಶೇಕ್ಸ್‌ಪಿಯರ್ ಲೀಗ್‌ನಲ್ಲಿ ಮೊದಲ ಐದೂ ಪಂದ್ಯ ಗೆದ್ದರು. ಆಟಗಾರರ ಮನಸ್ಸು ಮುರಿದಿದ್ದರೆ ಹೊಸ ಮುಖ ಅದನ್ನು ಕೂಡಿಸಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇಕ್ಸ್‌ಪಿಯರ್ ಅವರನ್ನೂ ತೆಗೆದರು. ಇನ್ನೊಂದು ಕಡೆ ಮ್ಯಾಂಚೆಸ್ಟರ್ ಯುನೈಟೆಡ್ ನೋಡಿ. 2024ರ ಅಕ್ಟೋಬರ್‌ನಲ್ಲಿ ಎರಿಕ್ ಟೆನ್ ಹಾಗ್ ಅವರನ್ನು ತೆಗೆದಾಗ ತಂಡ 14ನೇ ಸ್ಥಾನದಲ್ಲಿತ್ತು. ಸೀಸನ್ ಮುಗಿದಾಗ 15ನೇ ಸ್ಥಾನ. ಒಂದೊಂದೇ ಕಥೆ ಹಿಡಿದು ವಾದ ಮಾಡಿದರೆ ಯಾವ ಕಡೆಗೂ ವಾದ ಮಾಡಬಹುದು. ಅದಕ್ಕೇ ನೂರಾರು ಕಥೆ ಸೇರಿಸಿ ಎಣಿಸುವವರು ಬೇಕು.

ಹಾಗಂತ ಕೋಚ್ ಯಾರಾದರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪು. ಆಟಗಾರರನ್ನು ಆರಿಸುವುದು, ಸೀಸನ್‌ಗೆ ಮೊದಲು ವಾರಗಟ್ಟಲೆ ತಾಲೀಮು ಮಾಡಿಸುವುದು, ಹುಡುಗರಿಗೆ ಅವಕಾಶ ಕೊಡುವುದು ಇವೆಲ್ಲ ನಿಧಾನಕ್ಕೆ ಚೀಲದಲ್ಲಿರುವ ಕೆಂಪಿನ ಲೆಕ್ಕವನ್ನೇ ಬದಲಿಸುತ್ತವೆ. ಗ್ರೇಸನ್ ಕೊನೆಗೂ 2023ರ ಡಿಸೆಂಬರ್‌ನಲ್ಲಿ ಹೋದರು. ಹೆರಾರ್ಡ್ ಸರಗೋಸಾ ಬಂದರು. ಆ ಸೀಸನ್ ಸುಧಾರಿಸಲಿಲ್ಲ, ಬೆಂಗಳೂರು 12 ತಂಡಗಳಲ್ಲಿ 10ನೆಯದಾಯಿತು. ಅದೇ ಸರಗೋಸಾ ಮುಂದಿನ ಸೀಸನ್‌ಗೆ ತಂಡವನ್ನು ಮೊದಲಿನಿಂದ ಕಟ್ಟಿಕೊಂಡು ಬಂದಾಗ 2025ರ ಏಪ್ರಿಲ್‌ನಲ್ಲಿ ಫೈನಲ್ ಆಡಿದರು. ನಡುಮಧ್ಯದಲ್ಲಿ ಬಂದು ಮ್ಯಾಜಿಕ್ ಮಾಡಲಿ ಅಂತ ಕೇಳುವುದಕ್ಕಿಂತ, ಬೇಸಿಗೆಯಲ್ಲಿ ತಂದು ಸಮಯ ಕೊಡುವುದು ಮೇಲು ಅಂತ ನನ್ನ ನಂಬಿಕೆ.

ಹಾಗಾದರೆ ಅಭಿಮಾನಿ ಏನನ್ನು ನೋಡಬೇಕು? ಸ್ಕೋರ್ ಅಲ್ಲ, ಅವಕಾಶಗಳನ್ನು. ಈಗ ಪ್ರತಿ ಹೊಡೆತಕ್ಕೂ ಒಂದು ಬೆಲೆ ಕಟ್ಟುವ ಲೆಕ್ಕ ಬಂದಿದೆ. ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್) ಅನ್ನುತ್ತಾರೆ. ಅದೇ ಜಾಗದಿಂದ, ಅದೇ ಥರದಲ್ಲಿ ಹಿಂದೆ ಹೊಡೆದ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾದವು ಅಂತ ನೋಡಿ ಆ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಮುಕ್ಕಾಲು ಗೋಲಿಗಿಂತ ಸ್ವಲ್ಪ ಜಾಸ್ತಿ. ದೂರದಿಂದ ಬೀಸಿ ಹೊಡೆದಿದ್ದಕ್ಕೆ ಪೈಸೆಗಳ ಲೆಕ್ಕ. ತಂಡ ಒಳ್ಳೆಯ ಅವಕಾಶ ಮಾಡಿಕೊಳ್ಳುತ್ತಾ, ಎದುರಾಳಿಗೆ ಕಡಿಮೆ ಕೊಡುತ್ತಾ ಸೋಲುತ್ತಿದ್ದರೆ ತಾಳ್ಮೆ ಬೇಕು. ಅವಕಾಶಗಳೇ ತಿಂಗಳುಗಟ್ಟಲೆ ಒಣಗಿ ಹೋಗಿದ್ದರೆ ಆಗ ಕೋಚ್ ಬಗ್ಗೆ ಮಾತಾಡಬಹುದು. ಗೆಲ್ಲುತ್ತಿರುವಾಗಲೂ ಈ ಲೆಕ್ಕ ಇಡಬೇಕು. ಎಂಟು ಪಂದ್ಯದ ಗೆಲುವಿನ ಸಾಲಿನಲ್ಲೂ ಅದೃಷ್ಟ ಇತ್ತು ಅಂತ ಒಪ್ಪಿಕೊಳ್ಳೋದು ನನಗೆ ಸೋಲಿಗಿಂತ ಕಷ್ಟವಾಯಿತು.

ಕಣದ ಆಟ ಅಲ್ಲಿಗೆ ಮುಗಿಯಲಿಲ್ಲ. ಹುಡುಗ ಇನ್ನೊಂದು ಚೀಲ ತಂದ. ಅದರಲ್ಲಿ ಮೂರೇ ಕೆಂಪು, ಏಳು ಹಸಿರು. "ಇದು ಕೆಟ್ಟ ಕೋಚ್" ಅಂದ. ಎರಡರಿಂದಲೂ 24, 24 ಸಲ ತೆಗೆದೆವು. ಕೆಟ್ಟ ಕೋಚ್‌ಗೆ ಒಂಬತ್ತು ಗೆಲುವು, ಒಳ್ಳೆ ಕೋಚ್‌ಗೆ ಎಂಟು. ಹುಡುಗನಿಗೆ ಸಿಟ್ಟೇ ಬಂತು. ಲೆಕ್ಕ ಮಾಡಿ ತೋರಿಸಿದೆ: ಹೀಗೆ ಇಡೀ ಸೀಸನ್ ಆಡಿಸಿದರೂ, ಮೂರು ಕೆಂಪಿನ ಚೀಲ ನಾಲ್ಕರ ಚೀಲಕ್ಕೆ ಸಮ ಬರುವುದು ಅಥವಾ ಅದನ್ನೇ ಮೀರಿಸುವುದು ನಾಲ್ಕರಲ್ಲಿ ಒಂದು ಸಲಕ್ಕಿಂತ ಜಾಸ್ತಿ ಆಗುತ್ತೆ. ಒಂದು ಸೀಸನ್‌ಗೇ ಹೀಗಾದರೆ ಐದು ಪಂದ್ಯದಿಂದ ಏನು ತಿಳಿಯುತ್ತೆ?

ಅವನು ಸ್ವಲ್ಪ ಹೊತ್ತು ಎರಡೂ ಚೀಲ ಹಿಡಿದುಕೊಂಡು ಕೂತ. ಆಮೇಲೆ ಹಣ್ಣುಗಳನ್ನು ರಾಶಿಗೆ ಸುರಿದು, ಒಳಗೆ ಹೋಗಿ ಹಳೇ ನೋಟ್‌ಬುಕ್ ತಂದ. ಈಗ ಬೆಂಗಳೂರಿನ ಪಂದ್ಯ ಇದ್ದಾಗಲೆಲ್ಲ ಟಿವಿ ಮುಂದೆ ಕೂತು ಎರಡು ಕಾಲಂ ಬರೆಯುತ್ತಾನೆ. ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗಿಂದ ನಾವು ಹೊಡೆದಿದ್ದು ಎಷ್ಟು, ಅವರು ಹೊಡೆದಿದ್ದು ಎಷ್ಟು. ಸ್ಕೋರನ್ನು ಕೊನೆಯಲ್ಲಿ, ಸಣ್ಣದಾಗಿ, ಮೂಲೆಯಲ್ಲಿ ಬರೆಯುತ್ತಾನೆ.