ತೇಜಸ್‌ಗೆ ಎಂಜಿನ್ ಇನ್ನೂ ಹೊರಗಿಂದಲೇ ಯಾಕೆ ಬರ್ತಿದೆ?

ನಮ್ಮ ದೇಶದ ಫೈಟರ್ ವಿಮಾನ ತೇಜಸ್ ಬಗ್ಗೆ ಏನೇ ಸುದ್ದಿ ಬಂದ್ರೂ ಜಗಳ ಶುರು, ಒಬ್ರು ನಲವತ್ತು ವರ್ಷ ಏನ್ ಮಾಡ್ತಿದ್ರು ಅಂತಾರೆ, ಇನ್ನೊಬ್ರು ನಮ್ಮದೇ ವಿಮಾನ ಕಣ್ರೀ, ಸುಮ್ನಿರಿ ಅಂತಾರೆ. ಮಧ್ಯದಲ್ಲಿ ವಿಮಾನ ಕಟ್ಟೋ ಎಚ್‌ಎಎಲ್, ಅದರ ಡಿಸೈನ್ ನೋಡ್ಕೊಳ್ಳೋ ಎಡಿಎ, ಎಂಜಿನ್ ಡೆವಲಪ್ ಮಾಡೋ ಜಿಟಿಆರ್‌ಇ, ಅಮೆರಿಕದ ಎಂಜಿನ್ ಕಂಪನಿ ಜಿಇ, ಜಿಟಿಆರ್‌ಇಯ ಕಾವೇರಿ ಎಂಜಿನ್ ಎಲ್ಲಾ ಕಲಸಿಹೋಗಿ ಯಾರದ್ದು ಯಾವ ಕೆಲಸ ಅನ್ನೋದೇ ಗೊತ್ತಾಗಲ್ಲ. ಎಂಜಿನ್ ಕಡೆಯಿಂದ ಹೋದ್ರೆ ಈ ಗಂಟು ಬಿಚ್ಚೋದು ಸ್ವಲ್ಪ ಸುಲಭ.

ಮೊದಲು ಮಾರುತ್. ಜರ್ಮನಿಯ ಡಿಸೈನರ್ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಮಾಡಿದ ಫೈಟರ್ ಅದು, 1961ರ ಜೂನ್ 17ಕ್ಕೆ ಹಾರಿತು. ಶಬ್ದದ ವೇಗ ಮೀರಬೇಕು ಅಂತಲೇ ಬಾಡಿ ಮಾಡಿದ್ರು, ಆದ್ರೆ ಲೆಕ್ಕ ಹಾಕಿದ್ದ ಬ್ರಿಟಿಷ್ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ, ಅದನ್ನ ಡೆವಲಪ್ ಮಾಡೋಕೆ ದುಡ್ಡು ಹಾಕೋರು ಯಾರೂ ಇರಲಿಲ್ಲ. ಕೊನೆಗೆ ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸೋ ಭಾಗ) ಇಲ್ಲದ ಆರ್ಫಿಯಸ್ 703 ಎರಡು ಕೂರಿಸಿದ್ರು. ಅದಕ್ಕೇ ಇಲ್ಲೇ ಆಫ್ಟರ್‌ಬರ್ನರ್ ಜೋಡಿಸೋ ಪ್ರಯತ್ನವೂ ನಡೀತು, ಆ ಪ್ರೋಟೋಟೈಪ್ ಹಾರಿಸ್ತಿದ್ದಾಗಲೇ 1970ರ ಜನವರಿಯಲ್ಲಿ ಟೆಸ್ಟ್ ಪೈಲಟ್ ಸುರಂಜನ್ ದಾಸ್ ತೀರಿಕೊಂಡ್ರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದ್ದೇ, ದಿನಾ ಅಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. ಮಾರುತ್ 1971ರ ಯುದ್ಧದಲ್ಲಿ ಚೆನ್ನಾಗೇ ಕೆಲಸ ಮಾಡ್ತು, ಆದ್ರೆ ಅಂದುಕೊಂಡ ವೇಗ ಮುಟ್ಟದೇನೇ ಸೇವೆಯಿಂದ ಹೋಯ್ತು.

1983ರಲ್ಲಿ ಎಲ್‌ಸಿಎಗೆ, ಅಂದ್ರೆ ಆಮೇಲೆ ತೇಜಸ್ ಅಂತ ಹೆಸರಾದ ವಿಮಾನಕ್ಕೆ, ಒಪ್ಪಿಗೆ ಸಿಕ್ತು, ಮರುವರ್ಷ ಎಡಿಎ ಶುರುವಾಯ್ತು. ಎಂಜಿನ್‌ಗೆ, ಅಂದ್ರೆ ಕಾವೇರಿಗೆ, ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಈ ಎರಡು ತಾರೀಖನ್ನ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಫೈಟರ್ ಎಂಜಿನ್‌ಗೆ ವಿಮಾನಕ್ಕಿಂತ ಜಾಸ್ತಿ ಟೈಮ್ ಬೇಕು ಅಂತ ಈ ಫೀಲ್ಡ್‌ನಲ್ಲಿರೋ ಎಲ್ರಿಗೂ ಗೊತ್ತು, ನಾವು ಅದನ್ನ ಆರು ವರ್ಷ ತಡವಾಗಿ ಶುರು ಮಾಡಿದ್ವಿ. ಪ್ರೋಟೋಟೈಪ್‌ಗೆ ಸದ್ಯಕ್ಕೆ ಅಮೆರಿಕದ ಜಿಇ ಎಫ್404 ಇರಲಿ ಅಂತ ಆಯ್ತು, ಆ ಸದ್ಯಕ್ಕೆ ಇವತ್ತಿಗೂ ಮುಗಿದಿಲ್ಲ.

ಕಾವೇರಿ ಎಲ್ಲಿ ಸಿಕ್ಕಿಹಾಕ್ಕೊಂಡ್ತು ಅಂತ ತಿಳೀಬೇಕಂದ್ರೆ ಎಂಜಿನ್ ಒಳಗೆ ಬಿಸಿ ಗಾಳಿಗೆ ತಿರುಗೋ ಟರ್ಬೈನ್ ಬ್ಲೇಡ್ ನೋಡ್ಬೇಕು. ಅಂಗೈಯಲ್ಲಿ ಹಿಡಿಯೋ ಅಷ್ಟು ಚಿಕ್ಕದು. ಅದರ ಮೇಲೆ ಹಾಯೋ ಗಾಳಿ ಆ ಲೋಹ ಕರಗೋ ಉಷ್ಣತೆಗಿಂತ ಬಿಸಿ ಇರುತ್ತೆ, ಜೊತೆಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋದ್ರಿಂದ ಟನ್‌ಗಟ್ಟಲೆ ಎಳೆತ. ಕರಗದೇ ಇರೋಕೆ ಬ್ಲೇಡ್ ಒಳಗೆ ಸಣ್ಣ ಸಣ್ಣ ದಾರಿ ಬಿಟ್ಟು ಕಂಪ್ರೆಸರ್‌ನಿಂದ, ಅಂದ್ರೆ ಎಂಜಿನ್‌ನಲ್ಲಿ ಗಾಳಿ ಒತ್ತೋ ಭಾಗದಿಂದ, ತಂದ ಗಾಳಿ ಹಾಯಿಸ್ತಾರೆ, ಅದು ಮೈಮೇಲಿನ ತೂತುಗಳಿಂದ ಹೊರಬಂದು ಬ್ಲೇಡ್ ಸುತ್ತ ತೆಳು ಪದರದ ಥರ ಹರಡುತ್ತೆ. ಅದೂ ಸಾಲದು. ಲೋಹದಲ್ಲಿರೋ ಹರಳುಗಳ ಗಡಿಯಲ್ಲೇ ಬಿರುಕು ಬಿಡೋದು, ಹಾಗಾಗಿ ಇಡೀ ಬ್ಲೇಡನ್ನ ಒಂದೇ ಹರಳಾಗಿ ಬೆಳೆಸ್ಬೇಕು, ಸಿಂಗಲ್ ಕ್ರಿಸ್ಟಲ್ ಅಂದ್ರೆ ಅದೇ. ಈ ವಿದ್ಯೆ ಇರೋ ದೇಶಗಳು ಬೆರಳೆಣಿಕೆಯಷ್ಟು, ಎಷ್ಟು ದುಡ್ಡು ಕೊಟ್ರೂ ಪೂರ್ತಿ ಬಿಟ್ಟುಕೊಡಲ್ಲ. ಹೈದರಾಬಾದ್‌ನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್, ಹೆಲಿಕಾಪ್ಟರ್ ಎಂಜಿನ್‌ಗೆ ಇಂಥ 60 ಬ್ಲೇಡ್ ಮಾಡಿ ಎಚ್‌ಎಎಲ್‌ಗೆ ಕೊಟ್ಟಿದ್ದು 2021ರಲ್ಲಿ. ಅಲ್ಲಿಗೆ ಕಾವೇರಿ ಶುರುವಾಗಿ 32 ವರ್ಷ.

ಟೆಸ್ಟಿಂಗ್ ಕಥೆಯೂ ಅಷ್ಟೇ. ನೆಲದ ಮೇಲೆ ಎಂಜಿನ್ ಓಡಿಸಿದ್ರೆ ಆಗಲ್ಲ, ಎತ್ತರದ ತೆಳು ಗಾಳೀಲಿ ಹೇಗೆ ಓಡುತ್ತೆ ನೋಡ್ಬೇಕು, ಆ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲ. ರಷ್ಯಾಕ್ಕೆ ಸಾಗಿಸಿ 2010ರಲ್ಲಿ ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಿದ್ರು. ಒಂದು ಸಣ್ಣ ಬದಲಾವಣೆ ಮಾಡಿದ್ರೂ ಪರದೇಶದಲ್ಲಿ ಸರದಿ ಕಾಯ್ಬೇಕು ಅಂದ್ರೆ ಎಂಜಿನಿಯರ್‌ಗಳು ಎಷ್ಟು ಓಡೋಕಾಗುತ್ತೆ ಹೇಳಿ. ಬೇಕಿದ್ದ ಥ್ರಸ್ಟ್, ಅಂದ್ರೆ ಮುಂದಕ್ಕೆ ತಳ್ಳೋ ಬಲ, 81 ಕಿಲೋನ್ಯೂಟನ್, ಸಿಕ್ಕಿದ್ದು ಸುಮಾರು 70, ತೂಕ ಬೇರೆ ಜಾಸ್ತಿ. ಅಷ್ಟರಲ್ಲಿ, 2008ರಲ್ಲೇ, ಕಾವೇರಿಯನ್ನ ತೇಜಸ್‌ನಿಂದ ಬೇರೆ ಮಾಡಿಯಾಗಿತ್ತು.

ವಿಮಾನದ ಭಾಗ ಮಾತ್ರ ನಿಜಕ್ಕೂ ಹೆಮ್ಮೆಯದ್ದು. 1998ರಲ್ಲಿ ಪೋಖ್ರಾನ್ ಆದಮೇಲೆ ಅಮೆರಿಕ ನಿರ್ಬಂಧ ಹಾಕಿ, ಅಲ್ಲಿ ಫ್ಲೈಟ್ ಕಂಟ್ರೋಲ್, ಅಂದ್ರೆ ವಿಮಾನವನ್ನ ಹತೋಟಿಯಲ್ಲಿಡೋ ಸಾಫ್ಟ್‌ವೇರ್, ಕೆಲಸ ಮಾಡ್ತಿದ್ದ ನಮ್ಮವರನ್ನ ವಾಪಸ್ ಕಳಿಸ್ತು. ಇವ್ರು ಇಲ್ಲೇ ಕೂತು ಮುಗಿಸಿ 2001ರ ಜನವರಿ 4ಕ್ಕೆ ವಿಮಾನ ಹಾರಿಸಿದ್ರು. ಸಾಫ್ಟ್‌ವೇರನ್ನ ಹಾಗೆ ಮುಗಿಸ್ಬಹುದು. ಎಂಜಿನ್‌ಗೆ ಲೋಹ ಬೇಕು, ಫರ್ನೇಸ್ ಬೇಕು, ಹಾಳು ಮಾಡಿ ನೋಡೋಕೆ ಹತ್ತಾರು ಎಂಜಿನ್ ಬೇಕು, ವರ್ಷ ವರ್ಷ ನಿಲ್ಲದೇ ದುಡ್ಡು ಬೇಕು.

ಈಗಿನ ಸ್ಥಿತಿಗೆ ಬಂದ್ರೆ, 2021ರಲ್ಲಿ 83 ತೇಜಸ್ ಮಾರ್ಕ್ 1ಎ ಆರ್ಡರ್ ಆಯ್ತು, ಅದಕ್ಕೆ ಜಿಇಗೆ 99 ಎಂಜಿನ್ ಹೇಳಿದ್ರು, ಮೊದಲನೇದು ಕೈಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿ ಆಯ್ತು, ಇನ್ನೂ 97 ತೇಜಸ್‌ಗೆ ಆರ್ಡರ್ ಬಿತ್ತು, ನವೆಂಬರ್‌ನಲ್ಲಿ ಮತ್ತೆ 113 ಎಂಜಿನ್‌ಗೆ ಜಿಇ ಜೊತೆ ಒಪ್ಪಂದ.

ಮುಂದಿನ ಎಎಂಸಿಎ ಫೈಟರ್‌ಗೆ ಫ್ರಾನ್ಸ್‌ನ ಸಫ್ರಾನ್ ಜೊತೆ ಸೇರಿ 120 ಕಿಲೋನ್ಯೂಟನ್ ಎಂಜಿನ್ ಮಾಡೋ ಮಾತು ನಡೀತಿದೆ. ಆ ಸುದ್ದಿ ಬಂದಾಗ ಎಷ್ಟು ಸಾವಿರ ಕೋಟಿ ಅನ್ನೋದನ್ನ ಆಮೇಲೆ ನೋಡೋಣ. ಹಾಟ್ ಸೆಕ್ಷನ್ (ಟರ್ಬೈನ್ ಇರೋ ಅತಿ ಬಿಸಿ ಭಾಗ) ಡಿಸೈನ್ ಹಕ್ಕು ಯಾರ ಹತ್ರ ಇರುತ್ತೆ, ಬ್ಲೇಡ್ ಎರಕ ಎಲ್ಲಿ ಆಗುತ್ತೆ, ಎತ್ತರದ ಟೆಸ್ಟಿಂಗ್ ಭಾರತದಲ್ಲೋ ಹೊರಗೋ, ಮೊದಲು ಓದ್ಬೇಕಾದ ಸಾಲುಗಳು ಇವು.